ಹಿತ್ತಾಳೆಯ ಮನೆತನ ಕಟ್ಟಿದ ಅಡೋಲ್ಫ್ ಸ್ಯಾಕ್ಸ್



ಬೇಸಿಗೆ ಬಂತೆಂದರೆ ಬೀದರ್, ಭಾಲ್ಕಿ, ಔರಾದ್ ಕಡೆಗೆಲ್ಲ ಲಗ್ನಗಳ ಸುಗ್ಗಿ. ಅಂಥದೊಂದು ಸಂಜೆ ಔರಾದಿನಲ್ಲಿ ಪೂಜೆ ಮುಗಿಸಿ ಭಾಲ್ಕಿಯ ಮೇಲೆ ಹಾದು ಬರುವಾಗ ಮದುವೆಯ ಮೆರವಣಿಗೆಯೊಂದು ನಮ್ಮ ಗಾಡಿಗೆ ಅಡ್ಡವಾಯಿತು. ದಾರಿ ತೆರವಾಗುವ ತನಕ ಕೂತು ನೋಡುವುದೊಂದೇ ಉಳಿದ ಕೆಲಸ. ಮುಂದೆ ಹಲಗೆಯವರು, ಅವರ ಹಿಂದೆ ಕೆಂಪು ಕೋಟು ತೊಟ್ಟ ಬ್ಯಾಂಡಿನವರು, ಅವರ ಹಿಂದೆ ಕುದುರೆಯ ಮೇಲೆ ವರ. ಬ್ಯಾಂಡಿನ ನಡುವೆ ವಯಸ್ಸಾದ ಒಬ್ಬರು ಕೊಕ್ಕೆಯಂತೆ ಬಾಗಿದ ಹಿತ್ತಾಳೆಯ ವಾದ್ಯವನ್ನು ಎದೆಗವಚಿಕೊಂಡು ಊದುತ್ತಿದ್ದರು. ಅದರ ಮೆರುಗೆಲ್ಲ ಹೋಗಿತ್ತು. ಎರಡು ಗುಂಡಿಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಆದರೂ ಅದರ ಸ್ವರ ಉಳಿದ ತುತ್ತೂರಿಗಳ ಗದ್ದಲವನ್ನು ಸೀಳಿಕೊಂಡು, ಮನುಷ್ಯರ ಗಂಟಲಿನ ಹಾಗೆ ಬೇರೆಯಾಗಿ ಕೇಳುತ್ತಿತ್ತು.

ನನ್ನ ಜೊತೆಗಿದ್ದ ಹುಡುಗ, ಪೂಜೆಯಲ್ಲಿ ಪೀಠಸೇವೆ ಮಾಡುವವನು, ಅದೇನೆಂದು ಕೇಳಿದ. ಸ್ಯಾಕ್ಸೊಫೋನ್ ಎಂದೆ. ಹಾಗೆಂದರೆ ಏನರ್ಥ ಎಂದ. ಅದು ಒಬ್ಬ ಮನುಷ್ಯನ ಹೆಸರು ಎಂದೆ. ಸನಾದಿಗೂ ಹಲಗೆಗೂ ಯಾರ ಹೆಸರೂ ಇಲ್ಲ, ಇದಕ್ಕೆ ಮಾತ್ರ ಯಾಕೆ ಎಂದು ಅವನು ಮತ್ತೆ ಕೇಳಿದ. ಅಷ್ಟರಲ್ಲಿ ದಾರಿ ಬಿಟ್ಟಿತು. ಅವನಿಗೆ ಅಂದು ಹೇಳಲಾಗದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಊರಿನ ಹೆಸರಿನಿಂದ ಒಂದು ಲೋಹದ ಕಲೆಗೆ ಹೆಸರು ಬಂದಿರುವುದು ನಮಗೆಲ್ಲ ಗೊತ್ತು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೀರಿ, ಗೀರಿನಲ್ಲಿ ಬೆಳ್ಳಿಯ ತಂತಿ ಕೂಡಿಸಿ, ಕೋಟೆಯ ಹಳೆಯ ಮಣ್ಣಿನಿಂದ ಕಪ್ಪೇರಿಸುವ ಕೆಲಸ. ಬೀದರಿನಿಂದ ಬಿದ್ರಿ. ಇದೇ ರೀತಿ ಯೂರೋಪಿನಲ್ಲಿ ಇನ್ನೊಂದು ಊರಿದೆ. ಬೆಲ್ಜಿಯಂ ದೇಶದ ದಿನಾನ್. ಮ್ಯೂಸ್ ನದಿಯ ದಂಡೆ, ಮೇಲೆ ಕಡಿದಾದ ಬಂಡೆ, ಬಂಡೆಯ ನೆತ್ತಿಯಲ್ಲಿ ಕೋಟೆ, ಬಂಡೆಯ ಬುಡದಲ್ಲಿ ಮರಿಯಮ್ಮನವರ ಹೆಸರಿನ ದೊಡ್ಡ ದೇವಾಲಯ. ಮಧ್ಯಯುಗದಿಂದಲೂ ಅಲ್ಲಿನ ಕುಶಲಕರ್ಮಿಗಳು ತಾಮ್ರ ಹಿತ್ತಾಳೆಗಳನ್ನು ಬಡಿದು ಪಾತ್ರೆ, ದೀಪಸ್ತಂಭ, ದೇವಾಲಯದ ಉಪಕರಣಗಳನ್ನು ಮಾಡುತ್ತಿದ್ದರು. ಆ ಕೆಲಸಕ್ಕೆ ಊರಿನ ಹೆಸರೇ ನಿಂತು ದಿನಾಂದ್ರಿ ಎಂದಾಯಿತು. ಬೀದರ್, ಬಿದ್ರಿ, ದಿನಾನ್, ದಿನಾಂದ್ರಿ. 1466ರಲ್ಲಿ ಬರ್ಗಂಡಿಯ ಸೇನೆ ಆ ಊರನ್ನು ಸೂರೆ ಮಾಡಿ ಸುಟ್ಟಿತು, ಕಸುಬಿನವರು ದಿಕ್ಕಾಪಾಲಾದರು. ನಮ್ಮಲ್ಲಿ ಆಗ ಮಹಮೂದ್ ಗವಾನನ ಕಾಲ. ಸುಟ್ಟರೂ ಕಸುಬು ಪೂರ್ತಿ ಸಾಯಲಿಲ್ಲ.

ಆ ಊರಿನಲ್ಲಿ 1814ರ ನವೆಂಬರ್ 6ರಂದು ಒಂದು ಗಂಡುಮಗು ಹುಟ್ಟಿತು. ಇಟ್ಟ ಹೆಸರು ಆಂಟನಿ ಜೋಸೆಫ್, ಕರೆದ ಹೆಸರು ಅಡೋಲ್ಫ್. ತಂದೆ ಶಾರ್ಲ್ ಜೋಸೆಫ್ ಸ್ಯಾಕ್ಸ್ ಮೊದಲು ಮರಗೆಲಸದವನು. ಆಮೇಲೆ ತಾನೇ ಕಲಿತು ವಾದ್ಯಗಳನ್ನು ಮಾಡತೊಡಗಿದವನು. ಮಗು ಹುಟ್ಟಿದ ಮರುವರ್ಷ ಸಂಸಾರ ಬ್ರಸೆಲ್ಸ್ ನಗರಕ್ಕೆ ಹೋಯಿತು. ಆಗ ಆ ಸೀಮೆ ಫ್ರೆಂಚರ ಕೈಯಿಂದ ಹಾಲೆಂಡಿನ ದೊರೆಯ ಕೈಗೆ ಬಂದಿತ್ತು. 1830ರಲ್ಲಿ ಬೆಲ್ಜಿಯಂ ಬೇರೆ ದೇಶವಾಯಿತು. ಮನೆ ಬದಲಿಸದೆ ರಾಜ್ಯ ಬದಲಾಗುವ ಅನುಭವ ನಿಜಾಮರ ಕಾಲವನ್ನೂ 1956ನ್ನೂ ಕಂಡ ನಮ್ಮ ಹಿರಿಯರಿಗೆ ಹೊಸದೇನಲ್ಲ. ತಂದೆ ಹಾಲೆಂಡಿನ ಅರಮನೆಗೆ ವಾದ್ಯ ಒದಗಿಸುವವನಾದ. ಹನ್ನೊಂದು ಮಕ್ಕಳಲ್ಲಿ ಅಡೋಲ್ಫನೇ ಹಿರಿಯ.

ಈ ಹುಡುಗನ ಬಾಲ್ಯದ ಬಗ್ಗೆ ಹೇಳುವ ಕಥೆಗಳನ್ನು ಕೇಳಿದರೆ ಯಾವ ತಾಯಿಯ ಎದೆಯೂ ಝಲ್ಲೆನ್ನಬೇಕು. ಮೂರನೇ ಅಂತಸ್ತಿನಿಂದ ಉರುಳಿಬಿದ್ದು ತಲೆ ಕಲ್ಲಿಗೆ ಬಡಿಯಿತಂತೆ. ಹಾಲೆಂದುಕೊಂಡು ತಂದೆಯ ಕಾರ್ಖಾನೆಯ ಆಮ್ಲ ಬೆರೆತ ನೀರು ಕುಡಿದನಂತೆ. ಗುಂಡುಸೂಜಿ ನುಂಗಿದ, ಮದ್ದಿನಪುಡಿ ಸಿಡಿದು ಸುಟ್ಟುಕೊಂಡ, ಕಾದ ಬಾಣಲೆಯ ಮೇಲೆ ಬಿದ್ದ, ಆಗಷ್ಟೇ ವಾರ್ನಿಶ್ ಬಳಿದ ಸಾಮಾನುಗಳಿದ್ದ ಕೋಣೆಯಲ್ಲಿ ಮಲಗಿ ಉಸಿರುಕಟ್ಟಿದ, ಹೊಳೆಯಲ್ಲಿ ತೇಲಿಹೋಗುತ್ತಿದ್ದಾಗ ಯಾರೋ ಕಂಡು ಎಳೆದುಹಾಕಿದರು. ಇವೆಲ್ಲವೂ ಹೇಳಿದ ಹಾಗೆಯೇ ನಡೆದವೋ, ಹೇಳಿಹೇಳಿ ಬೆಳೆದವೋ! ಅಂತೂ ಈ ಮಗು ಬದುಕುವುದಲ್ಲವೆಂದು ತಾಯಿ ಕಣ್ಣೀರು ಹಾಕುತ್ತಿದ್ದಳೆಂದೂ, ನೆರೆಯವರು ಅವನನ್ನು ಪುಟ್ಟ ಪ್ರೇತವೆಂದು ಕರೆಯುತ್ತಿದ್ದರೆಂದೂ ಹೇಳುತ್ತಾರೆ. ಆ ಪ್ರೇತ ಎಪ್ಪತ್ತೊಂಬತ್ತು ವರ್ಷ ಬದುಕಿತು.

ತಂದೆಯ ಕಾರ್ಖಾನೆಯೇ ಅವನ ಆಟದ ಬಯಲು. ಸಂಗೀತ ಶಾಲೆಯಲ್ಲಿ ಕೊಳಲನ್ನೂ ಕ್ಲಾರಿನೆಟ್ಟನ್ನೂ ಅಭ್ಯಾಸ ಮಾಡಿದ. ಹದಿನೈದರ ಹರೆಯದಲ್ಲಿ ದಂತದಲ್ಲಿ ಮಾಡಿದ ಕೊಳಲು, ಕ್ಲಾರಿನೆಟ್‌ಗಳನ್ನು ಪ್ರದರ್ಶನಕ್ಕಿಟ್ಟ. 1838ರಲ್ಲಿ ಬಾಸ್ ಕ್ಲಾರಿನೆಟ್ ಎಂಬ ಮಂದ್ರ ಸ್ವರದ ದೊಡ್ಡ ಕ್ಲಾರಿನೆಟ್ಟನ್ನು ತಿದ್ದಿ ಪೇಟೆಂಟ್ ಪಡೆದ. ಇಂದಿನ ಬಾಸ್ ಕ್ಲಾರಿನೆಟ್‌ಗಳು ಅವನ ಆ ಮಾದರಿಯಿಂದಲೇ ಬೆಳೆದವು. 1841ರ ಬ್ರಸೆಲ್ಸ್ ಪ್ರದರ್ಶನದಲ್ಲಿ ತೀರ್ಪುಗಾರರು ಇವನಿಗೆ ಚಿನ್ನದ ಪದಕ ಸಲ್ಲಬೇಕೆಂದರು. ಮೇಲಿನವರು ಒಪ್ಪಲಿಲ್ಲ. ಇಷ್ಟು ಚಿಕ್ಕವನಿಗೆ ಈಗಲೇ ಚಿನ್ನ ಕೊಟ್ಟರೆ ಮುಂದೆ ಕೊಡಲು ಏನುಳಿಯುತ್ತದೆ ಎಂಬುದು ಅವರ ತರ್ಕ. ಚಿನ್ನದ ನೀರು ಕೊಟ್ಟ ಬೆಳ್ಳಿಯ ಪದಕ ಕೊಡಹೋದಾಗ ಸ್ಯಾಕ್ಸ್ ಅದನ್ನು ಮುಟ್ಟಲಿಲ್ಲ. ಅವನ ಸ್ವಭಾವದ ಗುಣವೂ ದೋಷವೂ ಈ ಒಂದು ಘಟನೆಯಲ್ಲೇ ಕಾಣುತ್ತವೆ. ಜೀವನದುದ್ದಕ್ಕೂ ಆತ ಅರ್ಧಕ್ಕೆ ಒಪ್ಪಿದವನಲ್ಲ.

ಆ ಹೊತ್ತಿಗೆ ಅವನ ತಲೆಯಲ್ಲಿ ಹೊಸದೊಂದು ವಾದ್ಯ ರೂಪುಗೊಂಡಿತ್ತು. ಇದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಸ್ಯಾಕ್ಸೊಫೋನ್ ಹಿತ್ತಾಳೆಯದು ಎಂದ ಮಾತ್ರಕ್ಕೆ ಅದು ತುತ್ತೂರಿಯ ಜಾತಿ ಎಂದು ಬಹಳ ಜನ ತಿಳಿದಿದ್ದಾರೆ. ತುತ್ತೂರಿಯಲ್ಲಿ ಅದುರುವುದು ಊದುವವನ ತುಟಿ. ಕ್ಲಾರಿನೆಟ್ಟಿನಲ್ಲಿ ಅದುರುವುದು ರೀಡ್ ಎಂದು ಕರೆಯುವ ಜೊಂಡಿನ ತೆಳು ಪಟ್ಟಿ. ಸ್ಯಾಕ್ಸೊಫೋನಿನ ಬಾಯಿಯಲ್ಲೂ ಅಂಥದೇ ಒಂದು ಜೊಂಡು. ಆದ್ದರಿಂದ ಲೋಹದ ಮೈಯಾದರೂ ಅದನ್ನು ಮರದ ವಾದ್ಯಗಳ ಪಂಕ್ತಿಯಲ್ಲಿ ಕೂರಿಸುತ್ತಾರೆ. ಇನ್ನೊಂದು ವಿಷಯ ಕೊಳವೆಯ ಆಕಾರದ್ದು. ಕ್ಲಾರಿನೆಟ್ಟಿನ ಕೊಳವೆ ಉದ್ದಕ್ಕೂ ಒಂದೇ ಅಗಲ. ಬೆರಳು ಅಲ್ಲೇ ಇಟ್ಟು ಮೇಲಿನ ಸ್ವರಕ್ಕೆ ಹಾರಿಸಿದರೆ ಷಡ್ಜವು ಮೇಲಿನ ಷಡ್ಜಕ್ಕೆ ಹೋಗದೆ ಅದರಾಚೆಯ ಪಂಚಮಕ್ಕೆ ಹೋಗಿ ಕೂರುತ್ತದೆ. ನಮ್ಮ ಸನಾದಿ ಹಾಗಲ್ಲ; ಅದರ ಒಳಗು ಮೇಲಿನಿಂದ ಕೆಳಕ್ಕೆ ಅಗಲವಾಗುತ್ತ ಹೋಗುವುದರಿಂದ ಷಡ್ಜ ಮೇಲಿನ ಷಡ್ಜವನ್ನೇ ಮುಟ್ಟುತ್ತದೆ. ಸ್ಯಾಕ್ಸ್ ಮಾಡಿದ್ದು ಇದನ್ನೇ. ಕ್ಲಾರಿನೆಟ್ಟಿನಂಥ ಬಾಯಿಯನ್ನು ಅಗಲವಾಗುತ್ತ ಹೋಗುವ ಹಿತ್ತಾಳೆಯ ಮೈಗೆ ಜೋಡಿಸಿದ. ತುತ್ತೂರಿಯ ಬಲ, ಜೊಂಡಿನ ಮಾರ್ದವ, ಕೊಳಲಿನ ಹಾಗೆ ಸುಲಭವಾದ ಬೆರಳು, ಮೂರೂ ಒಂದೆಡೆ ಸೇರಿದವು.

ಆದರೆ ಅವನು ಮಾಡಿದುದು ಒಂದು ವಾದ್ಯವೆಂದು ಹೇಳಿದರೆ ಅರ್ಧ ಸತ್ಯ. ಅವನ ಕಣ್ಣ ಮುಂದೆ ಇದ್ದದ್ದು ಒಂದು ಮನೆತನ. ಅಜ್ಜನಿಂದ ಮೊಮ್ಮಗುವಿನವರೆಗೆ ಒಂದೇ ಮುಖಚಹರೆ, ಧ್ವನಿ ಮಾತ್ರ ಹಿಂದು ಮುಂದು. ಮೊದಲು ಮಾಡಿದ ಸ್ಯಾಕ್ಸೊಫೋನ್ ನಾವಿಂದು ಕಾಣುವ ಗಾತ್ರದ್ದಲ್ಲ; ಅದು ಬಾಸ್, ಅಂದರೆ ಮನೆಯ ದೊಡ್ಡವರ ಸ್ವರದ್ದು. ಮುಂದೆ ಪೇಟೆಂಟ್ ಅರ್ಜಿಯಲ್ಲಿ ಎಂಟು ಗಾತ್ರಗಳನ್ನು ಹೆಸರಿಸಿದ. ಇವುಗಳಲ್ಲಿ ಒಂದರ ಬೆರಳು ಕಲಿತವನು ಉಳಿದ ಏಳನ್ನೂ ನುಡಿಸಬಲ್ಲ, ಏಕೆಂದರೆ ಗುಂಡಿಗಳ ಜೋಡಣೆ ಎಲ್ಲದರಲ್ಲೂ ಒಂದೇ. ಸೈನ್ಯದ ಬ್ಯಾಂಡಿನಲ್ಲಿ ಒಬ್ಬ ಸತ್ತರೆ ಅಥವಾ ರಜೆಯಲ್ಲಿ ಹೋದರೆ ಪಕ್ಕದವನು ಆ ಜಾಗಕ್ಕೆ ನಿಲ್ಲಬಹುದು. ಬ್ಯಾಂಡಿಗೆ ಒಂದು ಶ್ರುತಿಯ ಸಾಲು, ಆರ್ಕೆಸ್ಟ್ರಾಕ್ಕೆ ಬೇರೊಂದು ಶ್ರುತಿಯ ಸಾಲು, ಹೀಗೆ ಎರಡು ಕವಲುಗಳಾಗಿ ಈ ಮನೆತನ ಬೆಳೆಯಬೇಕೆಂದು ಅವನ ಯೋಜನೆ.

1842ರಲ್ಲಿ ಆತ ಪ್ಯಾರಿಸ್ ಸೇರಿದ. ಕಿಸೆಯಲ್ಲಿದ್ದುದು ಮೂವತ್ತು ಫ್ರಾಂಕ್ ಎಂದು ಹೇಳುತ್ತಾರೆ. ಸೈನ್ಯದ ಸಂಗೀತ ಸುಧಾರಿಸಬೇಕೆಂದಿದ್ದ ಜನರಲ್ ರುಮಿನಿ ಎಂಬ ಅಧಿಕಾರಿಯ ಪ್ರೋತ್ಸಾಹವಿತ್ತು. ಸಂಗೀತಗಾರನೂ ಪತ್ರಿಕೆಯ ವಿಮರ್ಶಕನೂ ಆಗಿದ್ದ ಹೆಕ್ಟರ್ ಬೆರ್ಲಿಯೋಜ್ ಅದೇ ವರ್ಷದ ಜೂನ್ ತಿಂಗಳಲ್ಲಿ ಇವನ ಕೆಲಸವನ್ನು ಹೊಗಳಿ ಬರೆದ. 1844ರ ಫೆಬ್ರವರಿ 3ರಂದು ಪ್ಯಾರಿಸ್ಸಿನ ಕಛೇರಿಯೊಂದರಲ್ಲಿ ಬೆರ್ಲಿಯೋಜನ ಒಂದು ಕೃತಿಯನ್ನು ಸ್ಯಾಕ್ಸನ ಆರು ವಾದ್ಯಗಳಲ್ಲಿ ನುಡಿಸಿದರು, ಅವುಗಳಲ್ಲೊಂದು ಸ್ಯಾಕ್ಸೊಫೋನ್. ಅದನ್ನು ಸ್ವತಃ ಸ್ಯಾಕ್ಸನೇ ಊದಿದ. ಕೆಲಸ ಪೂರ್ತಿಯಾಗದ ವಾದ್ಯಕ್ಕೆ ದಾರ ಕಟ್ಟಿ, ಅರಗು ಮೆತ್ತಿ ತಂದಿದ್ದನೆಂದು ಕಥೆ. ಭಾಲ್ಕಿಯ ಆ ಹಿರಿಯರ ರಬ್ಬರ್ ಬ್ಯಾಂಡ್ ನೆನಪಾಗುತ್ತದೆ. ಅಂದು ನುಡಿಸಿದ ಕೃತಿ ಯಾವುದು? ಪವಿತ್ರ ಗೀತೆ ಎಂಬ ಹೆಸರಿನ ಒಂದು ಭಕ್ತಿಗೀತೆ. ಸ್ಯಾಕ್ಸೊಫೋನ್ ಎಂದರೆ ಹೋಟೆಲು, ಕುಣಿತ, ಕುಡಿತ ಎಂದು ಮೂಗು ಮುರಿಯುವವರು ನಮ್ಮ ನಡುವೆಯೂ ಇದ್ದಾರೆ. ಸಭೆಯ ಮುಂದೆ ಅದು ಮೊದಲು ಬಾಯಿ ತೆರೆದದ್ದು ದೇವಸ್ತುತಿಯಲ್ಲಿ.

ಪ್ಯಾರಿಸ್ಸಿನ ಹಳೆಯ ವಾದ್ಯ ತಯಾರಕರಿಗೆ ಈ ಪರದೇಶಿ ಕಣ್ಣಿನ ಕಿಸುರಾದ. ಸೈನ್ಯದ ಬ್ಯಾಂಡುಗಳಿಗೆ ವಾದ್ಯ ಒದಗಿಸುವ ವ್ಯಾಪಾರ ದೊಡ್ಡದು. ಅದು ಕೈತಪ್ಪುವ ಭಯ. ಕೊನೆಗೆ 1845ರ ಏಪ್ರಿಲ್ 22ರಂದು ಶಾನ್ ದ ಮಾರ್ಸ್ ಬಯಲಿನಲ್ಲಿ ಪಂದ್ಯವೇ ನಡೆಯಿತು. ಮುಂದೆ ಐಫೆಲ್ ಗೋಪುರ ಎದ್ದದ್ದು ಅದೇ ಬಯಲಿನ ಅಂಚಿನಲ್ಲಿ. ಒಂದು ಕಡೆ ಸೈನಿಕ ಸಂಗೀತಶಾಲೆಯ ಮುಖ್ಯಸ್ಥ ಕಾರಾಫಾನ ಹಳೆಯ ರೀತಿಯ ಬ್ಯಾಂಡು, 45 ಜನ. ಇನ್ನೊಂದು ಕಡೆ ಸ್ಯಾಕ್ಸನ ಬ್ಯಾಂಡು, 38 ಜನ. ಬರಬೇಕಾಗಿದ್ದ ಕೆಲವರು ಆ ದಿನ ಬರಲೇ ಇಲ್ಲ. ಎದುರಾಳಿಗಳ ಹಣ ಅವರನ್ನು ತಡೆಯಿತೆಂಬ ಗುಮಾನಿ. ಇಪ್ಪತ್ತು ಸಾವಿರ ಜನ ಸೇರಿದ್ದರೆಂದು ಲೆಕ್ಕ ಹೇಳುತ್ತಾರೆ. ಬಯಲಿನಲ್ಲಿ ಹಳೆಯ ಬ್ಯಾಂಡಿನ ಧ್ವನಿ ಚದುರಿಹೋಯಿತು. ಸ್ಯಾಕ್ಸನ ಕಡೆಯಿಂದ ದೂರದವರಿಗೂ ತುಂಬುಧ್ವನಿ ಮುಟ್ಟಿತು. ಜನ ಯಾರ ಕಡೆಗೆಂಬುದರಲ್ಲಿ ಸಂಶಯ ಉಳಿಯಲಿಲ್ಲ. ಅದೇ ವರ್ಷ ಸರ್ಕಾರ ಸೈನ್ಯದ ಬ್ಯಾಂಡುಗಳಿಗೆ ಅವನ ವಾದ್ಯಗಳನ್ನು ಆಜ್ಞಾಪಿಸಿತು.

ಅಂದು ಗೆದ್ದು ಕೊಟ್ಟವು ಮುಖ್ಯವಾಗಿ ಸ್ಯಾಕ್ಸ್‌ಹಾರ್ನ್‌ಗಳು. ಇದು ಅವನ ಇನ್ನೊಂದು ಮನೆತನ, ತುಟಿಯಿಂದ ಊದುವ ನಿಜವಾದ ಹಿತ್ತಾಳೆ ವಾದ್ಯಗಳದು, ಚಿಕ್ಕದರಿಂದ ಭಾರಿ ಗಾತ್ರದವರೆಗೆ. ಇಂಗ್ಲೆಂಡಿನಿಂದ ಬಂದ ಜಾನ್ ಡಿಸ್ಟಿನ್ ಎಂಬ ಸಂಗೀತಗಾರ ಮತ್ತು ಅವನ ನಾಲ್ವರು ಗಂಡುಮಕ್ಕಳು 1844ರಲ್ಲಿ ಇವನ್ನು ಪ್ಯಾರಿಸ್ಸಿನಲ್ಲಿ ಕೊಂಡು ತಮ್ಮ ದೇಶದಲ್ಲಿ ಊರೂರು ತಿರುಗಿ ನುಡಿಸಿದರು. ಒಂದು ಮನೆಯವರು ವಾದ್ಯಗಳ ಒಂದು ಮನೆತನವನ್ನು ನುಡಿಸಿದ ಹಾಗಾಯಿತು. ಅವರಿಂದ ಅಲ್ಲಿನ ಗಣಿ ಕಾರ್ಮಿಕರ, ಗಿರಣಿ ಕಾರ್ಮಿಕರ ಬ್ಯಾಂಡುಗಳಿಗೆ ಹುರುಪು ಬಂತು. ಆ ಬ್ಯಾಂಡಿನ ಪದ್ಧತಿ ಬ್ರಿಟಿಷ್ ಪಡೆಗಳ ಜೊತೆ ಹಡಗೇರಿ ನಮ್ಮ ದೇಶದ ದಂಡುಪ್ರದೇಶಗಳಿಗೆ ಬಂತು. ನಮಗೆ ಹತ್ತಿರದ ದಂಡು ಸಿಕಂದರಾಬಾದು. ದಂಡಿನ ಬ್ಯಾಂಡನ್ನು ನೋಡಿ ಪಟ್ಟಣದ ಬ್ಯಾಂಡು, ಪಟ್ಟಣದ್ದನ್ನು ನೋಡಿ ತಾಲ್ಲೂಕಿನ ಬ್ಯಾಂಡು. ಕೆಂಪು ಕೋಟಿನ ಮೂಲವೂ ಅದೇ. ಲಗ್ನದ ಬ್ಯಾಂಡಿನಲ್ಲಿ ಮಗುವಿನಂತೆ ಎತ್ತಿಕೊಂಡು ಊದುವ ಯುಫೋನಿಯಂ ಇದೆಯಲ್ಲ, ಅದು ಬಾಸ್ ಸ್ಯಾಕ್ಸ್‌ಹಾರ್ನಿನ ಬಹಳ ಹತ್ತಿರದ ನೆಂಟ.

ಸ್ಯಾಕ್ಸೊಫೋನಿನ ಪೇಟೆಂಟ್ 1846ರ ಜೂನಿನಲ್ಲಿ ಕೈಸೇರಿತು. ಅದಕ್ಕೆ ಮುಂಚೆ ಎದುರಾಳಿಗಳು ಅಂಥ ವಾದ್ಯವೇ ಇಲ್ಲವೆಂದು ಸಾಧಿಸಿದರು. ಆಮೇಲೆ ಅದು ಹಿಂದಿನಿಂದಲೂ ಇತ್ತು, ಇವನದೇನೂ ಹೊಸತಲ್ಲ ಎಂದು ಸಾಧಿಸಿದರು. ಹಾಗಿದ್ದರೆ ಮಾಡಿ ತೋರಿಸಿ ಎಂದು ಸ್ಯಾಕ್ಸ್ ಒಂದು ವರ್ಷ ಅವಕಾಶ ಕೊಟ್ಟನಂತೆ. ಯಾರೂ ತರಲಿಲ್ಲ. ಇಲ್ಲಿಂದ ಮುಂದೆ ಅವನ ಜೀವನಕಥೆ ಬಹುಮಟ್ಟಿಗೆ ಕೋರ್ಟಿನ ಕಥೆ. ಪೇಟೆಂಟ್ ರದ್ದಾಗಲೆಂದು ಅವರು, ನಕಲು ನಿಲ್ಲಲೆಂದು ಇವನು. 1854ರಲ್ಲಿ ರೂವಾನ್ ನಗರದ ನ್ಯಾಯಾಲಯ ಇವನ ಪರವಾಗಿ ತೀರ್ಪಿತ್ತಿತು. ಆದರೆ ದಾವೆಯಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಗಾದೆ ಫ್ರಾನ್ಸಿಗೂ ಸಲ್ಲುತ್ತದೆ. ಗೆಲುವಿನ ಹಣಕ್ಕಿಂತ ವಕೀಲರ ಹಣ ಮೊದಲು ಹೊರಟುಹೋಗುತ್ತಿತ್ತು.

ಬೀದರಿನವರಿಗೆ ಇದರ ನೋವು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಕುಶಲಿ ತಿಂಗಳುಗಟ್ಟಲೆ ಕೂತು ಬೆಳ್ಳಿ ಕೂಡಿಸಿದ ಹೂಜಿಯನ್ನು ಇನ್ನೆಲ್ಲೋ ಅಗ್ಗದ ಲೋಹಕ್ಕೆ ಬಣ್ಣ ಬಳಿದು ಬಿದ್ರಿ ಎಂದು ಮಾರಿದರೆ ಕುಶಲಿಯ ಮನೆಯ ಒಲೆ ಆರುತ್ತದೆ. ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚಕದ ರಕ್ಷಣೆ ಬಂತು. ಅದು ಊರಿಗೆ ಸಿಕ್ಕ ರಕ್ಷಣೆ. ಸ್ಯಾಕ್ಸ್ ಹೋರಾಡಿದ್ದು ಒಬ್ಬಂಟಿಯಾಗಿ.

ಮೇಲಿಂದ ಮೇಲೆ ಪೆಟ್ಟುಗಳು. 1848ರ ಕ್ರಾಂತಿಯಲ್ಲಿ ದೊರೆ ಹೋದ, ದೊರೆಯ ಆಜ್ಞೆಯೂ ಹೋಯಿತು, ಸೈನ್ಯದ ಗಿರಾಕಿ ನಿಂತಿತು. 1852ರಲ್ಲಿ ಸ್ಯಾಕ್ಸ್ ದಿವಾಳಿಯಾದ. 1854ರಲ್ಲಿ ಮೂರನೇ ನೆಪೋಲಿಯನ್ ಅವನನ್ನು ಅರಮನೆಯ ವಾದ್ಯ ತಯಾರಕನಾಗಿ ನೇಮಿಸಿದಾಗ ಮತ್ತೆ ತಲೆ ಎತ್ತಿದ. ಆ ನಡುವೆ ತುಟಿಯ ಮೇಲೆ ಗಡ್ಡೆ ಎದ್ದಿತು. ಊದುವವನ ತುಟಿ! ವರ್ಷಗಳ ಕಾಲ ಬೆಳೆದು ಪ್ರಾಣಕ್ಕೇ ಅಪಾಯವಾಗಿತ್ತು. ಕರಿಯ ವೈದ್ಯನೆಂದು ಹೆಸರಾಗಿದ್ದ, ದಕ್ಷಿಣ ಅಮೆರಿಕದ ಸುರಿನಾಮಿನಿಂದ ಬಂದ ಗಿಡಮೂಲಿಕೆಯ ವೈದ್ಯನೊಬ್ಬನ ಚಿಕಿತ್ಸೆಯ ಬಳಿಕ 1859ರಲ್ಲಿ ಅದು ಮಾಯವಾಯಿತು. ಆ ವೈದ್ಯನನ್ನು ಆಮೇಲೆ ಕಾನೂನುಬಾಹಿರ ವೈದ್ಯಕ್ಕಾಗಿ ಶಿಕ್ಷೆಗೆ ಗುರಿಮಾಡಿದರು. ಸ್ಯಾಕ್ಸ್ ಮಾತ್ರ ಗುಣವಾದದ್ದು ನಿಜ.

ಮನೆಯ ವಿಷಯ ಮುಚ್ಚಿಡುವುದು ಸರಿಯಲ್ಲ. ಲೂಯಿಸ್ ಅದೇಲ್ ಮಾವೋರ್ ಎಂಬವಳ ಜೊತೆ ಬಾಳಿದ, ಐದು ಮಕ್ಕಳಾದವು, ಆದರೆ ಅವಳನ್ನು ಮದುವೆಯಾಗಲಿಲ್ಲ. ಅವಳ ಬಡ ಹುಟ್ಟು ಇದಕ್ಕೆ ಕಾರಣವೆನ್ನುತ್ತಾರೆ. ಮೂವತ್ತರ ಹರೆಯದಲ್ಲೇ, 1860ರಲ್ಲಿ, ಆಕೆ ತೀರಿಕೊಂಡಳು. ವಾದ್ಯಗಳಿಗೆ ತನ್ನ ಹೆಸರನ್ನು ಸಂಕೋಚವಿಲ್ಲದೆ ಕೊಟ್ಟ ಮನುಷ್ಯ ಆ ಹೆಣ್ಣಿಗೆ ಕೊಡಲಿಲ್ಲ. ಅವನ ತಂದೆ ಕೊನೆಗಾಲದಲ್ಲಿ ಪ್ಯಾರಿಸ್ಸಿಗೆ ಬಂದು ಮಗನ ಕಾರ್ಖಾನೆ ಸೇರಿ 1865ರಲ್ಲಿ ಸತ್ತ. ತಮ್ಮ ಅಲ್ಫೋನ್ಸ್ ಕೂಡ ವಾದ್ಯ ತಯಾರಕನೇ. ಊದುವುದು ಶ್ವಾಸಕೋಶಕ್ಕೆ ಒಳ್ಳೆಯ ವ್ಯಾಯಾಮ, ಆದ್ದರಿಂದ ಹೆಂಗಸರ ಬ್ಯಾಂಡುಗಳು ಬೇಕು ಎಂದು 1865ರಲ್ಲೇ ಪುಸ್ತಕ ಬರೆದವನು.

ಇಷ್ಟೆಲ್ಲದರ ನಡುವೆ ಸ್ಯಾಕ್ಸನಿಗೆ ನೆಮ್ಮದಿ ಕೊಟ್ಟದ್ದು ಪಾಠವೆಂದು ನನಗೆ ತೋರುತ್ತದೆ. 1857ರಲ್ಲಿ ಪ್ಯಾರಿಸ್ಸಿನ ಸಂಗೀತ ಮಹಾಶಾಲೆಯಲ್ಲಿ ಸೈನಿಕ ವಿದ್ಯಾರ್ಥಿಗಳಿಗೆ ಸ್ಯಾಕ್ಸೊಫೋನ್ ಕಲಿಸಲು ಅವನನ್ನು ನೇಮಿಸಿದರು. ಹೊಸ ವಾದ್ಯಕ್ಕೆ ನುಡಿಸಲು ಏನಿದೆ? ಗೆಳೆಯ ಸಂಗೆಲೇ ಎಂಬ ಬೆಲ್ಜಿಯಂ ಸಂಗೀತಗಾರನಿಂದ ಕೃತಿಗಳನ್ನು ಬರೆಸಿ ತಾನೇ ಅಚ್ಚು ಹಾಕಿಸಿದ. ಅವುಗಳಲ್ಲಿ ನಾಲ್ಕು ಸ್ಯಾಕ್ಸೊಫೋನುಗಳಿಗಾಗಿ ಬರೆದ ಒಂದು ಕೃತಿಯಿದೆ: ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್. ಈ ಹೆಸರುಗಳು ಗಾಯನವೃಂದದ ನಮ್ಮ ಮಕ್ಕಳಿಗೆ ಪರಿಚಿತವೇ. ಎಳೆಯ ಕಂಠದಿಂದ ಗಡಸು ಕಂಠದವರೆಗಿನ ಪಾಲುಗಳು. ಹಾಡುವ ನಾಲ್ಕು ಕಂಠಗಳ ಬದಲು ಊದುವ ನಾಲ್ಕು ಕಂಠ. ಒಂದೇ ಜಾತಿಯ ವಾದ್ಯಗಳು ಸೇರಿದಾಗ ಆರ್ಗನಿನ ಕೊಳವೆಗಳ ಹಾಗೆ ಒಂದು ಸ್ವರ ಇನ್ನೊಂದರೊಳಗೆ ಕರಗುತ್ತದೆ. ಇಂದು ಜಗತ್ತಿನಲ್ಲಿರುವ ಸ್ಯಾಕ್ಸೊಫೋನ್ ಚತುಷ್ಟಯಗಳೆಲ್ಲ ಆ ತರಗತಿಯ ವಂಶದವು.

1866ರಲ್ಲಿ ಪೇಟೆಂಟಿನ ಅವಧಿ ಮುಗಿಯಿತು. ಯಾರು ಬೇಕಾದರೂ ಮಾಡಬಹುದಾಯಿತು, ಮಾಡಿದರು. 1870ರ ಯುದ್ಧದಲ್ಲಿ ಫ್ರಾನ್ಸ್ ಸೋತಿತು, ತರಗತಿ ಮುಚ್ಚಿತು. ಅದೇ ಮಹಾಶಾಲೆಯಲ್ಲಿ ಸ್ಯಾಕ್ಸೊಫೋನಿಗೆ ಬಾಗಿಲು ಮತ್ತೆ ತೆರೆದದ್ದು 1942ರಲ್ಲಿ, ಮಾರ್ಸೆಲ್ ಮ್ಯೂಲ್ ಎಂಬ ಗುರುವಿನ ಕೈಯಲ್ಲಿ. 1873ರಲ್ಲಿ ಸ್ಯಾಕ್ಸ್ ಮತ್ತೊಮ್ಮೆ, 1877ರಲ್ಲಿ ಮಗದೊಮ್ಮೆ ದಿವಾಳಿಯಾದ. ಜೀವಮಾನವಿಡೀ ಕೂಡಿಟ್ಟ ಹಳೆಯ ವಾದ್ಯಗಳ ಸಂಗ್ರಹ ಹರಾಜಿಗೆ ಹೋಯಿತು. ಆಗಲೂ ತಲೆ ಸುಮ್ಮನಿರಲಿಲ್ಲ. ರೋಗಿಗಳ ಕೋಣೆಯ ಗಾಳಿ ಶುದ್ಧ ಮಾಡಲು ಡಾಂಬರಿನ ಆವಿ ಬಿಡುವ ಯಂತ್ರ ಮಾಡಿದ್ದ, ಮೊಟ್ಟೆಯಾಕಾರದ ಸಂಗೀತಭವನಕ್ಕೆ ನಕ್ಷೆ ಬರೆದಿದ್ದ. ಪ್ಯಾರಿಸ್ಸಿನ ಒಪೆರಾದಲ್ಲಿ ರಂಗದ ಹಿಂದಿನ ಬ್ಯಾಂಡನ್ನು ನಡೆಸಿ ಒಂದಿಷ್ಟು ಸಂಪಾದಿಸುತ್ತಿದ್ದ. 1894ರ ಫೆಬ್ರವರಿ 7ರಂದು ಬಡತನದಲ್ಲಿ ತೀರಿಕೊಂಡ. ಮೋನ್‌ಮಾರ್ತ್ರ್ ಸ್ಮಶಾನದಲ್ಲಿ ಅವನ ಸಮಾಧಿ ಇದೆ. ಮಗ ಅಡೋಲ್ಫ್ ಎದುವಾರ್ ಕಾರ್ಖಾನೆಯನ್ನು ಹೇಗೋ ನಡೆಸಿಕೊಂಡು ಬಂದ. ಕೊನೆಗೆ ಅದು ಸೆಲ್ಮರ್ ಕಂಪನಿಯ ಪಾಲಾಯಿತು.

ಮನೆತನ ಏನಾಯಿತು? ನಾಲ್ವರು ಬದುಕಿದರು, ಉಳಿದವರು ಮೂಲೆಗೆ ಬಿದ್ದರು ಎನ್ನಬಹುದು. ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್ ಎಲ್ಲ ಕಡೆ ಸಿಗುತ್ತವೆ. ಆರ್ಕೆಸ್ಟ್ರಾದ ಸಾಲು ಹೆಚ್ಚುಕಡಿಮೆ ಅಳಿಯಿತು. ರಿಚರ್ಡ್ ಸ್ಟ್ರಾಸ್ 1904ರಲ್ಲಿ ಕೇಳಿಸಿದ ತನ್ನ ಗೃಹಜೀವನದ ಸಿಂಫನಿಯಲ್ಲಿ ಆ ಸಾಲಿನ ನಾಲ್ಕನ್ನು ಕೇಳಿದ್ದಾನೆ. ರವೇಲ್ 1928ರ ಬೊಲೇರೊ ಕೃತಿಯಲ್ಲಿ ಅತಿ ಚಿಕ್ಕದೊಂದನ್ನು ಬರೆದಿದ್ದಾನೆ, ಅದು ಸಿಗದೆ ಬೇರೆಯದರಲ್ಲಿ ನುಡಿಸುತ್ತಾರೆ. ಅಮೆರಿಕದಲ್ಲಿ 1920ರ ಸುಮಾರಿಗೆ ಸ್ಯಾಕ್ಸೊಫೋನಿನ ಹುಚ್ಚು ಹಬ್ಬಿದಾಗ ಮನೆಯ ಪಿಯಾನೊ ಪುಸ್ತಕವನ್ನೇ ನೋಡಿ ಊದಬಹುದಾದ ಸಿ ಮೆಲೊಡಿ ಎಂಬ ಗಾತ್ರ ಬಹಳ ಖರ್ಚಾಯಿತು. 1928ರಲ್ಲಿ ಕಾನ್ ಕಂಪನಿ ಆಲ್ಟೊಗೂ ಸೊಪ್ರಾನೊಗೂ ನಡುವಿನದೊಂದನ್ನು ತಂದಿತು. ಮರುವರ್ಷವೇ ಶೇರು ಮಾರುಕಟ್ಟೆ ಕುಸಿಯಿತು. ಮಾರದೆ ಉಳಿದವನ್ನು ರಿಪೇರಿ ಕಲಿಯುವವರಿಗೆ ಬಿಚ್ಚ ಕೊಟ್ಟರೆನ್ನುತ್ತಾರೆ. ಬಾಸ್ ಅಪರೂಪ. ಅದರ ಕೆಳಗಿನ ಕಾಂಟ್ರಾಬಾಸ್ ಆಳೆತ್ತರ ನಿಲ್ಲುತ್ತದೆ, ಸುಮಾರು ಇಪ್ಪತ್ತು ಕಿಲೊ ತೂಗುತ್ತದೆ. ಕುತ್ತಿಗೆಗೆ ಹಾಕಿಕೊಂಡು ಯಾವ ಮೆರವಣಿಗೆಯಲ್ಲಿ ನಡೆಯುವುದು?

ನಮ್ಮ ಧರ್ಮಸಭೆಯೂ ಒಂದು ಕಾಲಕ್ಕೆ ಬ್ಯಾಂಡುಗಳ ವಿಷಯದಲ್ಲಿ ಬಿಗಿಯಾಗಿತ್ತು. 1903ರಲ್ಲಿ ಪರಮಗುರು ಹತ್ತನೇ ಪಯಸ್ ಸಂಗೀತದ ಬಗ್ಗೆ ಹೊರಡಿಸಿದ ಆಜ್ಞೆಯ ಪ್ರಕಾರ ದೇವಾಲಯದೊಳಗೆ ಬ್ಯಾಂಡು ನಿಷಿದ್ಧ. ವಿಶೇಷ ಸಂದರ್ಭದಲ್ಲಿ ಧರ್ಮಾಧ್ಯಕ್ಷರ ಒಪ್ಪಿಗೆಯಿಂದ ಕೆಲವೇ ಊದುವ ವಾದ್ಯಗಳು ಬರಬಹುದಿತ್ತು. ಹೊರಗಿನ ಮೆರವಣಿಗೆಗೆ, ಲೌಕಿಕ ಹಾಡು ನುಡಿಸದಿದ್ದರೆ, ಅನುಮತಿ ಕೊಡಬಹುದಿತ್ತು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಆರ್ಗನಿನ ಗೌರವ ಉಳಿಸಿಕೊಂಡೇ ಬೇರೆ ವಾದ್ಯಗಳಿಗೂ, ಅವು ಪೂಜೆಗೆ ತಕ್ಕವಾಗಿದ್ದರೆ, ಬಾಗಿಲು ತೆರೆಯಿತು.

ಸ್ಯಾಕ್ಸ್ ಕನಸಿನಲ್ಲೂ ಕಾಣದ ಒಂದು ಸಂಗತಿ ನಡೆದದ್ದು ನಮ್ಮ ಕರ್ನಾಟಕದಲ್ಲಿ. ಬಂಟ್ವಾಳ ತಾಲ್ಲೂಕಿನ ಸಜಿಪದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ತಂದೆ ತನಿಯಪ್ಪನವರಿಂದ ನಾಗಸ್ವರ ಕಲಿತವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು. ಗುಂಡಿ ಒತ್ತಿದರೆ ಒಂದು ನಿಶ್ಚಿತ ಸ್ವರ ಬರುವ ಯಂತ್ರದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಗಮಕವನ್ನು ತರುವುದು ಹೇಗೆ? ತುಟಿ, ಗಂಟಲು, ಉಸಿರುಗಳನ್ನು ಪಳಗಿಸಿ, ವಾದ್ಯವನ್ನೂ ತಮ್ಮ ಕೈಗೆ ತಕ್ಕಂತೆ ತಿದ್ದಿಕೊಂಡು, ಹತ್ತಾರು ವರ್ಷಗಳ ಸಾಧನೆಯಿಂದ ಸಾಧಿಸಿದರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರ ಗುರುಗಳು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ತೀರಿಕೊಂಡರು. ಕರಾವಳಿಯ ದೇವಸ್ಥಾನಗಳ ಉತ್ಸವಗಳಲ್ಲೂ ಮದುವೆಗಳಲ್ಲೂ ಇಂದು ನಾಗಸ್ವರದ ಜಾಗದಲ್ಲಿ ಸ್ಯಾಕ್ಸೊಫೋನ್ ಕೇಳುವುದು ಸಾಮಾನ್ಯ. ಅವರ ಕೈಯಲ್ಲಿದ್ದದ್ದು ಹೆಚ್ಚಾಗಿ ಆಲ್ಟೊ, ಅಂದರೆ ಮನೆತನದಲ್ಲಿ ಚೆನ್ನಾಗಿ ಬದುಕಿದ ನಾಲ್ವರಲ್ಲಿ ಒಬ್ಬ.

ಮೂಲೆಗೆ ಬಿದ್ದವರಿಗೂ ಈಚೆಗೆ ಗತಿ ಒದಗಿದೆ. ಜರ್ಮನಿಯ ಮ್ಯೂನಿಕ್ ನಗರದ ಬೆನೆಡಿಕ್ಟ್ ಎಪ್ಪೆಲ್ಸ್‌ಹೈಮ್ ಎಂಬ ಕುಶಲಿ ಒಂದಡಿ ಉದ್ದದ, ಸೊಪ್ರಿಲ್ಲೊ ಎಂಬ ಅತಿ ಕಿರಿಯ ಸ್ಯಾಕ್ಸೊಫೋನನ್ನು ಮಾಡಿದರು. ಕಾಂಟ್ರಾಬಾಸನ್ನೂ ಮತ್ತೆ ಮಾಡಿದರು. ಮನೆತನದ ಅಜ್ಜ, ಅಂದರೆ ಕಾಂಟ್ರಾಬಾಸಿಗೂ ಕೆಳಗಿನ ಸಬ್‌ಕಾಂಟ್ರಾಬಾಸ್, ಸ್ಯಾಕ್ಸನ ಕಾಲದಲ್ಲಿ ಕಾಗದದ ಮೇಲಷ್ಟೇ ಇತ್ತು. ಅದನ್ನು ಪೂರ್ಣ ಗಾತ್ರದಲ್ಲಿ ಊದುವಂತೆ ಮಾಡಿದ್ದು ಈ ಶತಮಾನದ ಎರಡನೇ ದಶಕದಲ್ಲಿ, ಬ್ರೆಜಿಲ್ಲಿನಲ್ಲೂ ಮ್ಯೂನಿಕ್ಕಿನಲ್ಲೂ. ಪೇಟೆಂಟ್ ಬರೆದು ಆಗಲೇ ನೂರಅರವತ್ತು ವರ್ಷ ಕಳೆದಿತ್ತು. ಹತ್ತು, ಹನ್ನೆರಡು, ಕೆಲವೊಮ್ಮೆ ಇನ್ನೂ ಹೆಚ್ಚು ಮಂದಿ ಸೇರುವ ಸ್ಯಾಕ್ಸೊಫೋನ್ ವೃಂದಗಳು ಹಲವು ದೇಶಗಳಲ್ಲಿವೆ. ಅಲ್ಲಿ ಚಿಕ್ಕದು ದೊಡ್ಡದು ಎಲ್ಲಕ್ಕೂ ಒಂದೊಂದು ಪಾಲು. ದಿನಾನಿನಲ್ಲಿ 1994ರಿಂದ ಅವನ ಹೆಸರಿನ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯುತ್ತ ಬಂದಿದೆ. ಮ್ಯೂಸ್ ನದಿಯ ಸೇತುವೆಯ ಮೇಲೆ ಬೇರೆ ಬೇರೆ ದೇಶಗಳ ಬಣ್ಣ ಬಳಿದ ಆಳೆತ್ತರದ ಸ್ಯಾಕ್ಸೊಫೋನುಗಳನ್ನು ನಿಲ್ಲಿಸಿದ್ದಾರೆ. ಮೂರು ಸಲ ದಿವಾಳಿಯಾದವನ ಮುಖವನ್ನು ಬೆಲ್ಜಿಯಂ ತನ್ನ 200 ಫ್ರಾಂಕಿನ ನೋಟಿನ ಮೇಲೂ ಅಚ್ಚು ಹಾಕಿತ್ತು. 2002ರಲ್ಲಿ ಯೂರೊ ಬಂದಾಗ ಆ ನೋಟು ಹೋಯಿತು.

ಕೆಲವು ವಾರಗಳ ಮೇಲೆ ಭಾಲ್ಕಿಯಲ್ಲಿ ಆ ಬ್ಯಾಂಡಿನ ಹಿರಿಯರು ಮತ್ತೆ ಸಿಕ್ಕರು, ಈ ಸಲ ಚಹದಂಗಡಿಯಲ್ಲಿ. ವಾದ್ಯ ಹಳೆಯ ಶಾಲಿನಲ್ಲಿ ಸುತ್ತಿಕೊಂಡು ಪಕ್ಕದ ಕುರ್ಚಿಯ ಮೇಲೆ ಕೂತಿತ್ತು. ಇದಕ್ಕಿಂತ ದೊಡ್ಡದನ್ನು, ಚಿಕ್ಕದನ್ನು ನೋಡಿದ್ದೀರಾ ಎಂದು ಕೇಳಿದೆ. ದೊಡ್ಡದನ್ನು ಹೈದರಾಬಾದಿನಲ್ಲಿ ಒಮ್ಮೆ ಕಂಡಿದ್ದರಂತೆ. ಜೊತೆಗೆ ಊದುವವರು ಇನ್ನಾರೂ ತಮ್ಮ ಬ್ಯಾಂಡಿನಲ್ಲಿಲ್ಲ, ಮಗನಿಗೆ ಕೀಬೋರ್ಡೇ ಇಷ್ಟ ಎಂದರು. ಪೀಠಸೇವೆಯ ಹುಡುಗ ಅಷ್ಟರಲ್ಲಿ ಶಾಲು ಸರಿಸಿ ಗುಂಡಿಗಳನ್ನು ಎಣಿಸುತ್ತಿದ್ದ. ಅವರು ಬೈಯಲಿಲ್ಲ. ಬಾಯಿಯ ಜೊಂಡನ್ನು ಬಿಚ್ಚಿ, ಅಂಗಿಯ ತುದಿಯಿಂದ ಒರೆಸಿ, ಅದನ್ನು ಹಿಡಿಯುವುದು ಹೇಗೆಂದು ಅವನಿಗೆ ತೋರಿಸತೊಡಗಿದರು.